ಮೆಟ್ಸ್ ಅಂಗಿ ತೊಟ್ಟ ವಿಲಿ ಮೇಸ್‌ಗೆ ಜೈಂಟ್ಸ್ ಬೈಂಡರಿನಲ್ಲಿ ಜಾಗ ಕೊಡಬಹುದಾ?

ಫ್ರೀಮಾಂಟ್ ಪುಟ್ಟ · ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ಯೋಚನೆ. ನೀವೇ ಒಂದು ತೀರ್ಮಾನ ಹೇಳಿ.

ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಬೇಸ್‌ಬಾಲ್ ಕಾರ್ಡುಗಳನ್ನು, ಅಂದರೆ ಆಟಗಾರರ ಚಿತ್ರ ಅಚ್ಚಾದ ರಟ್ಟಿನ ಚೀಟಿಗಳನ್ನು, ಮಾತ್ರ ಸೇರಿಸುವವನು. ಬೇರೆ ತಂಡದ್ದು ಪುಕ್ಕಟೆ ಕೊಟ್ಟರೂ ಬೇಡ. ಈ ಊರಿಗೆ ಬಂದಿದ್ದು 2010ರಲ್ಲಿ. ಅದೇ ವರ್ಷ ಜೈಂಟ್ಸ್ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲಿನ ಫೈನಲ್, ಗೆದ್ದಿತು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಇಲ್ಲಿಗೆ ಬಂದಮೇಲೆ ಅದೇ ಅವರ ಮೊದಲ ಗೆಲುವು. 52 ವರ್ಷ ಕಾದಿದ್ದ ಊರು, ಬೀದಿ ತುಂಬಾ ಕಿತ್ತಳೆ ಬಣ್ಣ. ನನಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವರು ಬಸ್ಟರ್ ಪೋಸಿ ಅನ್ನುವ ಹೊಸ ಆಟಗಾರನ ರೂಕಿ ಕಾರ್ಡ್, ಅಂದರೆ ಮೊದಮೊದಲ ಕಾರ್ಡು, ಕೊಟ್ಟು, "ಇಟ್ಕೋ, ಈ ಹುಡುಗ ಮುಂದೆ ಬರ್ತಾನೆ" ಅಂದರು. ಟಾಪ್ಸ್ ಕಂಪನಿ 2010ರಲ್ಲಿ ತಂದ ಕಾರ್ಡುಗಳ ಸೆಟ್, ಅದರಲ್ಲಿ ನಂಬರ್ 2. ಪರ್ಸಿನಲ್ಲಿಟ್ಟು ಒಂದು ಮೂಲೆ ಮಡಚಿಹೋಯಿತು. ಇವತ್ತಿಗೂ ಅದನ್ನು ಬದಲಾಯಿಸಿಲ್ಲ.

ಅಲ್ಲಿಂದ ಹತ್ತಿದ ಹುಚ್ಚು ಇದು. ನಾನೇ ಮಾಡಿಕೊಂಡ ನಿಯಮ ಮೂರು. 1958ರಿಂದ ಈಚಿನದ್ದು ಆಗಬೇಕು. ಟಾಪ್ಸ್ ಕಂಪನಿಯ ಮುಖ್ಯ ಸೆಟ್ಟಿನದ್ದು ಆಗಬೇಕು. ಕಾರ್ಡಿನಲ್ಲಿ ಜೈಂಟ್ಸ್ ಅಂತ ಇರಬೇಕು. ಸ್ಟಾರ್ ಆಟಗಾರನಾಗಲಿ, ಎರಡು ಮ್ಯಾಚ್ ಆಡಿ ಮನೆಗೆ ಹೋದವನಾಗಲಿ, ಎಲ್ಲರೂ ಬೇಕು. ವರ್ಷಕ್ಕೊಂದು ಗುಂಪು, ಒಂಬತ್ತು ಕಿಸೆಯ ಪುಟಗಳು, ದಪ್ಪ ಬೈಂಡರ್.

ಈಗ ಪೇಚಾಟಕ್ಕೆ ಬರ್ತೀನಿ. ಜೈಂಟ್ಸ್ ಅಂದರೆ ವಿಲಿ ಮೇಸ್. ಅವರ 1958ರ ಕಾರ್ಡ್ ನಂಬರ್ 5 ನನ್ನಲ್ಲಿದೆ. 1972ರ ನಂಬರ್ 49 ಇದೆ. ಆದರೆ 1972ರ ಮೇ ತಿಂಗಳಲ್ಲಿ ಅವರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟುಬಿಟ್ಟರು. 1973ರ ಕಾರ್ಡಿನಲ್ಲಿ, ನಂಬರ್ 305, ಮೆಟ್ಸ್ ಅಂಗಿ ತೊಟ್ಟಿದ್ದಾರೆ. ಹೋದ ವಾರ ಒಂದು ಕಾರ್ಡ್ ಶೋನಲ್ಲಿ ನಾಲ್ಕು ಮೂಲೆಯೂ ದುಂಡಗಾದ ಒಂದು ಪ್ರತಿ 45 ಡಾಲರಿಗೆ ಸಿಕ್ಕಿತು. ಯಾಕೆ ತಗೊಂಡೆ ಅಂತ ನನಗೇ ಗೊತ್ತಿಲ್ಲ. ಕೈಯಲ್ಲಿ ಹಿಡಿದವನಿಗೆ ಕೆಳಗಿಡಲು ಮನಸ್ಸು ಬರಲಿಲ್ಲ.

ನಿಯಮದ ಪ್ರಕಾರ ಬೈಂಡರಿನಲ್ಲಿ ಇಡುವ ಹಾಗಿಲ್ಲ. ಇಡದಿದ್ದರೆ 1972ಕ್ಕೆ ಮೇಸ್ ಕಥೆ ತಟ್ಟನೆ ನಿಂತುಹೋಗುತ್ತದೆ. ಏನು ಮಾಡಲಿ?

ಇನ್ನೊಂದು ಮಾತು. ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದಾರೆ, ಆರು ತಿಂಗಳು ಇರ್ತಾರೆ. ಅಪ್ಪ ಬ್ಯಾಂಕಿನಲ್ಲಿದ್ದವರು. ಗ್ಯಾರೇಜಿನಲ್ಲಿ ಡಬ್ಬಿಗಟ್ಟಲೆ ಬಿದ್ದಿದ್ದ ಕಾರ್ಡುಗಳನ್ನು ನೋಡಿ ಮೊದಲು ಬೈದರು. ಮೂರನೇ ದಿನ ನಂಬರ್ ಪ್ರಕಾರ ಜೋಡಿಸಲು ಕೂತರು. ಈಗ ಊಟಕ್ಕೆ ಕರೆದರೂ ಏಳುತ್ತಿಲ್ಲ.

ಜರ್ಸಿ ಜಯಕ್ಕ · ಶನಿವಾರ, ರಾತ್ರಿ 11:15

ಪುಟ್ಟಣ್ಣ, "ಕೊಟ್ಟುಬಿಟ್ಟರು" ಅಂತ ಎಷ್ಟು ಸುಲಭವಾಗಿ ಬರೆದಿರಿ! ನಮ್ಮ ಮನೆಯಲ್ಲಿ ಎಲ್ಲರೂ ಮೆಟ್ಸ್ ಅಭಿಮಾನಿಗಳು, ಹಾಗಾಗಿ ನಾನು ಪಕ್ಷಪಾತಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಮೇಸ್ ಹುಟ್ಟಾ ನಿಮ್ಮ ಊರಿನವರೇನೂ ಅಲ್ಲ. ಅವರು ಶುರು ಮಾಡಿದ್ದೇ ನ್ಯೂಯಾರ್ಕಿನಲ್ಲಿ, 1951ರಲ್ಲಿ. ಆಗ ಜೈಂಟ್ಸ್ ಇದ್ದಿದ್ದು ಇಲ್ಲೇ. ತಂಡ ಊರು ಬಿಟ್ಟಾಗ ಅತ್ತವರಲ್ಲಿ ಜೋನ್ ಪೇಸನ್ ಅನ್ನುವ ಹೆಂಗಸೂ ಒಬ್ಬರು. ಜೈಂಟ್ಸ್ ಷೇರು ಇಟ್ಟುಕೊಂಡಿದ್ದವರು. ಆಮೇಲೆ ಮೆಟ್ಸ್ ತಂಡದ ಒಡತಿಯಾದರು. ಮೇಸ್ ವಾಪಸ್ ಬಂದಿದ್ದು ಅವರ ಆಸೆಯಿಂದ. ವಲಸೆ ಹೋದ ಮಗ ಕೊನೆಗೆ ಊರಿಗೆ ಬಂದ ಹಾಗೆ ಅನ್ನಿ.

ಬಂದಮೇಲೆ ಮೊದಲ ಮ್ಯಾಚ್ ಯಾರ ಮೇಲೆ ಗೊತ್ತಾ? ನಿಮ್ಮ ಜೈಂಟ್ಸ್ ಮೇಲೆಯೇ. 1972ರ ಮೇ 14. ಹೋಂ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಥರ ಅನ್ನಿ) ಹೊಡೆದು ಗೆಲ್ಲಿಸಿದರು, 5-4. ಸಿನಿಮಾದಲ್ಲಿ ಹಾಗೆ ತೋರಿಸಿದರೆ ನಂಬುತ್ತಿರಲಿಲ್ಲ. 2022ರಲ್ಲಿ ಮೆಟ್ಸ್ ಅವರ 24ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ತೆಗೆದಿಟ್ಟಿತು.

ನಿಮ್ಮ ನಿಯಮದಲ್ಲಿ ತೊಂದರೆ ಇರೋದು 1973ರಲ್ಲಲ್ಲ, 1958ರಲ್ಲಿ. ಅದಕ್ಕಿಂತ ಹಿಂದಿನ ಜೈಂಟ್ಸ್ ಜೈಂಟ್ಸ್ ಅಲ್ವಾ? 1951ರಲ್ಲಿ ಬೌಮನ್ ಅನ್ನುವ ಕಂಪನಿ ತಂದ ನಂಬರ್ 305 ಮೇಸ್‌ನ ರೂಕಿ ಕಾರ್ಡು. ತಮಾಷೆ ನೋಡಿ, ಅದೂ 305, ನಿಮ್ಮ 1973ರದ್ದೂ 305. ಮೊದಲನೆಯದೂ ಕೊನೆಯದೂ ನ್ಯೂಯಾರ್ಕ್ ಅಂಗಿಯಲ್ಲೇ.

ಲಾಭನಷ್ಟ · ಭಾನುವಾರ, ಬೆಳಗ್ಗೆ 7:02

ಸುಮ್ನೆ ಒಂದು ಪ್ರಶ್ನೆ. ಈ ಇಡೀ ಬೈಂಡರ್ ಮಾರಿದರೆ ಎಷ್ಟು ಬರುತ್ತೆ? ಒಂದು ಕಾರ್ಡ್ ಕೋಟಿಗಟ್ಟಲೆಗೆ ಹೋಯ್ತು ಅಂತ ಓದಿದ್ದೆ.

ಫ್ರೀಮಾಂಟ್ ಪುಟ್ಟ · ಭಾನುವಾರ, ಬೆಳಗ್ಗೆ 8:30

ಲಾಭನಷ್ಟ ಸರ್, ನೀವು ಓದಿದ್ದು 1952ರ ಟಾಪ್ಸ್ ಸೆಟ್ಟಿನ ಮಿಕ್ಕಿ ಮ್ಯಾಂಟಲ್ ಅನ್ನುವ ಆಟಗಾರನ ಕಾರ್ಡು ಇರಬೇಕು. 2022ರಲ್ಲಿ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹೋಯಿತು. ಆ ಸೆಟ್ಟಿನ ಕೊನೆಯ ಕಂತು ಮಾರಾಟವಾಗದೆ ಗೋದಾಮಿನಲ್ಲಿ ಉಳಿದಿತ್ತು. 1960ರಲ್ಲಿ ಟಾಪ್ಸ್‌ನ ಸೈ ಬರ್ಗರ್ ಅದನ್ನೆಲ್ಲ ದೋಣಿಯಲ್ಲಿ ತುಂಬಿಸಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಮ್ಯಾಂಟಲ್ ನಂಬರ್ 311, ಆ ಕಂತಿನ ಮೊದಲನೆಯದು. ಮೇಸ್ ನಂಬರ್ 261, ಅದರ ಹಿಂದಿನ ಕಂತು.

ನನ್ನ ಬೈಂಡರಿಗೆ ಬಂದರೆ, ಅದರಲ್ಲಿ ಮುಕ್ಕಾಲು ಕಾರ್ಡುಗಳನ್ನು ಅಂಗಡಿಯವರು ಡಬ್ಬಿಯಲ್ಲಿ ಹಾಕಿ ಡಾಲರಿಗೆ ನಾಲ್ಕು ಅಂತ ಮಾರುತ್ತಾರೆ. ತೂಕಕ್ಕೆ ಹಾಕಿದರೆ ಅಪ್ಪನ ವಿಮಾನ ಟಿಕೆಟ್ ಕೂಡ ಹುಟ್ಟಲ್ಲ.

ಹಳೇ ಓಕ್‌ಲ್ಯಾಂಡಿಗ · ಭಾನುವಾರ, ಬೆಳಗ್ಗೆ 10:20

ನಾನು ಈ ಕಡೆಗೆ ಬಂದಿದ್ದು 1987ರಲ್ಲಿ. ನೀವು ಹುಡುಗರೆಲ್ಲ ಜೈಂಟ್ಸ್ ಜೈಂಟ್ಸ್ ಅಂತೀರಿ. ನಾನು ಓಕ್‌ಲ್ಯಾಂಡ್ ಎ ತಂಡದವನು. ಕೊಲ್ಲಿಯ ಈ ದಡದಲ್ಲಿ ಬಾಡಿಗೆ ಕಡಿಮೆ ಇತ್ತು, ಟಿಕೆಟ್ಟೂ ಅಗ್ಗ. ಅಭಿಮಾನ ಹುಟ್ಟಿದ್ದು ಹೀಗೆ.

1989ರಲ್ಲಿ ನಮ್ಮ ಎರಡು ತಂಡಗಳೇ ವರ್ಲ್ಡ್ ಸೀರೀಸಿನಲ್ಲಿ ಎದುರುಬದುರು. ಅಕ್ಟೋಬರ್ 17, ಸಂಜೆ ಐದು ದಾಟಿ ನಾಲ್ಕು ನಿಮಿಷ. ಮೂರನೇ ಮ್ಯಾಚಿಗೆ ಟಿವಿ ಹಾಕಿ ಕೂತಿದ್ದೆ. ಮನೆ ತೊಟ್ಟಿಲಿನ ಹಾಗೆ ತೂಗಿತು. ಕಪಾಟಿನ ಮೇಲಿದ್ದ ಕಾರ್ಡಿನ ಡಬ್ಬಿಗಳು ಬಿದ್ದು ನೆಲದ ತುಂಬಾ ಕಾರ್ಡು. ನನ್ನಾಕೆ ಗ್ಯಾಸ್ ನಿಲ್ಲಿಸಲು ಓಡಿದಳು. ಕರೆಂಟಿಲ್ಲದ ರಾತ್ರಿ ಬ್ಯಾಟರಿ ದೀಪದಲ್ಲಿ ನಾನು ಕಾರ್ಡು ಆಯುತ್ತಾ ಕೂತೆ. ಅದನ್ನು ಅವಳು ಇವತ್ತಿಗೂ ಆಡಿ ತೋರಿಸುತ್ತಾಳೆ. ಆ ಸಲದ ಕಾರ್ಡುಗಳಲ್ಲಿ ಕೆಲವಕ್ಕೆ ಮೂಲೆ ಹೋಗಿದೆ. "ಇದು ಭೂಕಂಪದ ಮೂಲೆ" ಅಂತ ಮೊಮ್ಮಕ್ಕಳಿಗೆ ತೋರಿಸುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ. ಆಟಗಾರ ತಂಡ ಬಿಟ್ಟರೆ ಏನು ಮಾಡಲಿ ಅಂತ ಕೇಳ್ತಿದ್ದೀರಿ. ನನ್ನ ತಂಡವೇ ಊರು ಬಿಟ್ಟಿತು. 2024 ಮುಗಿದಮೇಲೆ ಓಕ್‌ಲ್ಯಾಂಡಿಗೆ ಕೈಮುಗಿದು ಸ್ಯಾಕ್ರಮೆಂಟೊ ಕಡೆ ಹೋಯಿತು, ಮುಂದೆ ಲಾಸ್ ವೇಗಸ್ ಅಂತೆ. ನನ್ನ ಬೈಂಡರ್ 2024ಕ್ಕೆ ನಿಂತಿದೆ. 2025ರ ಸೆಟ್ ಬಂದಾಗ ಅಂಗಡಿಗೆ ಹೋದೆ, ಪ್ಯಾಕು ಕೈಗೆತ್ತಿಕೊಂಡೆ, ವಾಪಸ್ ಇಟ್ಟೆ. ಹಾಗಾಗಿ ನಿಯಮ ಅಂದರೆ ಏನು ಅಂತ ನನಗೂ ಗೊತ್ತು ಪುಟ್ಟಣ್ಣ. ಇಡಬೇಡಿ. ಗೆರೆ ಎಳೆದಮೇಲೆ ಅದು ಗೆರೆ.

ಬೇಕಾದರೆ ನಿಮ್ಮನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸುತ್ತೇನೆ. ವಿಲಿ ಮೆಕೋವಿಯನ್ನು ಏನು ಮಾಡಿದ್ದೀರಿ? 1960ರ ರೂಕಿ, ನಂಬರ್ 316, ಜೈಂಟ್ಸ್. ಸರಿ. 1973ರ ಕೊನೆಗೆ ಅವರನ್ನು ಸ್ಯಾನ್ ಡಿಯಾಗೊ ಪಾಡ್ರೇಸ್‌ಗೆ ಕೊಟ್ಟರು. ಆ ಚಳಿಗಾಲದಲ್ಲಿ ಪಾಡ್ರೇಸ್ ತಂಡವೇ ವಾಷಿಂಗ್ಟನ್ನಿಗೆ ಹೋಗುತ್ತದೆ ಅಂತ ಸುದ್ದಿ. ಟಾಪ್ಸ್‌ನವರು ಅವಸರಪಟ್ಟು 1974ರ ಒಂದಷ್ಟು ಕಾರ್ಡುಗಳಲ್ಲಿ ಸ್ಯಾನ್ ಡಿಯಾಗೊ ತೆಗೆದು ವಾಷಿಂಗ್ಟನ್ ಅಂತ ಅಚ್ಚು ಹಾಕಿಬಿಟ್ಟರು. ಆಮೇಲೆ ತಂಡ ಎಲ್ಲಿಗೂ ಹೋಗಲಿಲ್ಲ. ತಪ್ಪು ಸರಿಮಾಡಿ ಮತ್ತೆ ಅಚ್ಚಾಯಿತು. ಮೆಕೋವಿಯ ನಂಬರ್ 250 ಎರಡು ಥರವೂ ಸಿಗುತ್ತದೆ. ಇಲ್ಲದ ತಂಡಕ್ಕೆ ಆಡಿದ ಮನುಷ್ಯ! 1977ಕ್ಕೆ ತಿರುಗಿ ಜೈಂಟ್ಸ್‌ಗೇ ಬಂದರು.

ನನ್ನ ಹತ್ತಿರ ವಾಷಿಂಗ್ಟನ್ ಮೆಕೋವಿ ಎರಡು ಇವೆ. ಒಂದು ನಿಮಗೆ. ಸ್ಯಾನ್ ಲಿಯಾಂಡ್ರೊ ಕಡೆ ಬಂದರೆ ತಗೊಂಡು ಹೋಗಿ. ಎಲ್ಲಿಡುತ್ತೀರೋ ನೋಡೋಣ.

ಹೊಸಬ · ಭಾನುವಾರ, ಮಧ್ಯಾಹ್ನ 1:05

ನಾನು ಡಲ್ಲಾಸ್ ಹತ್ತಿರ ಇರೋದು. ನಮ್ಮ ರೇಂಜರ್ಸ್‌ನಲ್ಲಿ ಕುಮಾರ್ ರಾಕರ್ ಅಂತ ಪಿಚರ್, ಅಂದರೆ ಚೆಂಡು ಎಸೆಯುವವರು, ಇದ್ದಾರೆ. ಅವರ ತಾಯಿಯ ಕಡೆಯವರು ಭಾರತದ ಮೂಲದವರು. 2024ರಲ್ಲಿ ಅವರು ಮೊದಲ ಸಲ ಮೇಜರ್ ಲೀಗಿನಲ್ಲಿ ಆಡಿದಾಗ ಕುಮಾರ್ ಅನ್ನುವ ಹೆಸರು ಕೇಳಿ ನನ್ನ ಮಗಳು ಕುಣಿದಾಡಿದಳು. ಈಗ ಕಾರ್ಡು ಬೇಕಂತೆ. ಅಂಗಡಿಗೆ ಹೋದರೆ ತಲೆ ತಿರುಗುತ್ತೆ. ಹಾಬಿ ಬಾಕ್ಸ್, ಬ್ಲಾಸ್ಟರ್, ಕ್ರೋಮ್, ಪ್ಯಾರಲಲ್, ಬ್ರೇಕ್... ಒಂದೂ ಅರ್ಥವಾಗಲಿಲ್ಲ. ಎಲ್ಲಿಂದ ಶುರು ಮಾಡಲಿ? ಚಿಕ್ಕಂದಿನಲ್ಲಿ ಹುಬ್ಬಳ್ಳಿಯಲ್ಲಿ ನಾವು ಆಡಿದ್ದು ಕುಸ್ತಿಯವರ ಟ್ರಂಪ್ ಕಾರ್ಡ್ ಮಾತ್ರ. ಚೆಸ್ಟ್ ಎಷ್ಟು, ಬೈಸೆಪ್ಸ್ ಎಷ್ಟು, ರ‍್ಯಾಂಕ್ ಎಷ್ಟು. ಅಷ್ಟೇ ಗೊತ್ತಿರೋದು.

ಸನ್ನಿವೇಲ್ ಸೀನ · ಭಾನುವಾರ, ಮಧ್ಯಾಹ್ನ 2:48

ಹೊಸಬರೇ, ಬಾಕ್ಸ್ ಒಡೆಯಬೇಡಿ. ಈ ಒಂದು ಮಾತು ಕೇಳಿದರೆ ನೂರಾರು ಡಾಲರ್ ಉಳಿಯುತ್ತದೆ.

ಲೆಕ್ಕ ನೋಡಿ. ಈಗ ಲೀಗಿನಲ್ಲಿ 30 ತಂಡ. ಪ್ಯಾಕು ತೆಗೆದರೆ ನಿಮ್ಮ ತಂಡದ ಕಾರ್ಡು ಸಿಗುವುದು ಮೂವತ್ತಕ್ಕೊಂದು. ಮಿಕ್ಕ 29 ಕಾರ್ಡು ಡಬ್ಬಿ ಸೇರುತ್ತವೆ. ಒಂದೇ ತಂಡ ಸೇರಿಸುವವರು ಬಿಡಿ ಕಾರ್ಡ್ ಕೊಳ್ಳಬೇಕು, ಇಲ್ಲವೇ ಟೀಂ ಸೆಟ್. ಬೇರೆಯವರು ಬಾಕ್ಸ್ ಒಡೆದು ತಂಡಗಳ ಪ್ರಕಾರ ವಿಂಗಡಿಸಿ ಮಾರುತ್ತಾರೆ. ಇಡೀ ವರ್ಷದ ರೇಂಜರ್ಸ್ ಮಾಮೂಲಿ ಕಾರ್ಡುಗಳು ಒಂದು ಪ್ಯಾಕಿನ ಬೆಲೆಗೆ ಬರಬಹುದು. ಟಾಪ್ಸ್‌ನ ಮುಖ್ಯ ಸೆಟ್ ಮೂರು ಕಂತಿನಲ್ಲಿ ಬರುತ್ತದೆ. ಫೆಬ್ರವರಿಯಲ್ಲಿ ಸೀರೀಸ್ 1, ಬೇಸಿಗೆಯಲ್ಲಿ ಸೀರೀಸ್ 2, ಆಮೇಲೆ ಅಪ್‌ಡೇಟ್. ಮೂರೂ ಬಂದಮೇಲೆ ಕೊಂಡರೆ ಸಾಕು. ಅವಸರ ಯಾರಿಗೆ?

ಪ್ಯಾರಲಲ್ ಅಂದರೆ ಅದೇ ಕಾರ್ಡು, ಬೇರೆ ಬಣ್ಣದ ಅಂಚು. ಚಿನ್ನದ ಬಣ್ಣದ್ದು ಆ ಇಸವಿ ಎಷ್ಟೋ ಅಷ್ಟು ಪ್ರತಿ, ಅಂದರೆ 2024ಕ್ಕೆ 2024. ಹಿಂದೆ ನಂಬರ್ ಒತ್ತಿರುತ್ತಾರೆ. ಒಂದೇ ಒಂದು ಪ್ರತಿ ಇರುವಂಥದ್ದೂ ಇದೆ. ಇದರ ಹಿಂದೆ ಬಿದ್ದರೆ ಮುಗಿಯಿತು. ಬ್ರೇಕ್ ಅಂದರೆ ಯಾರೋ ಕ್ಯಾಮೆರಾ ಮುಂದೆ ಬಾಕ್ಸ್ ಒಡೆಯುತ್ತಾರೆ, ನೀವು ಮುಂಚೆಯೇ ದುಡ್ಡು ಕೊಟ್ಟು ಒಂದು ತಂಡ ಹಿಡಿದಿರುತ್ತೀರಿ. ಆ ತಂಡದ್ದು ಬಂದರೆ ನಿಮಗೆ. ಬರದಿದ್ದರೆ ಹರಿಹರಿ. ನನ್ನ ಕಣ್ಣಿಗೆ ಅದು ಇಸ್ಪೀಟು, ಬೇರೇನಲ್ಲ.

ಹೌದು, ಅದೃಷ್ಟ ಖುಲಾಯಿಸಿದವರೂ ಇದ್ದಾರೆ. ಪೈರೇಟ್ಸ್ ತಂಡದ ಪಾಲ್ ಸ್ಕೀನ್ಸ್ ಮೊದಲ ಮ್ಯಾಚಿನಲ್ಲಿ ತೊಟ್ಟ ಅಂಗಿಯ ಪಟ್ಟಿ ಅಂಟಿಸಿದ ಕಾರ್ಡು ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನಿಗೆ ಸಿಕ್ಕಿತು. ಅದಕ್ಕೆ ಬದಲಾಗಿ ತಂಡದವರು 30 ವರ್ಷದ ಸೀಟು ಕೊಡುತ್ತೇವೆ ಅಂದರು. ಮನೆಯವರು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ಹರಾಜಿನಲ್ಲಿ 11.1 ಲಕ್ಷ ಡಾಲರಿಗೆ ಹೋಯಿತು. ಈ ಸುದ್ದಿ ಓದಿ ನನ್ನ ಭಾಮೈದ ನಾಲ್ಕು ಬಾಕ್ಸ್ ಒಡೆದ. ಈಗ ಅವನ ಮನೆಯಲ್ಲಿ ಬಾಗಿಲು ಅಲುಗಾಡದ ಹಾಗೆ ಕಾರ್ಡು ಸಿಗಿಸಿದ್ದಾರೆ.

ಮಗಳ ಕೈಗೆ ಒಡೆಯುವ ಖುಷಿ ಕೊಡಬೇಕು ಅನ್ನಿಸಿದರೆ 1987ರ ಟಾಪ್ಸ್ ಬಾಕ್ಸ್ ತಗೊಳ್ಳಿ. 36 ಪ್ಯಾಕು. ಆ ಕಾಲದಲ್ಲಿ ಎಷ್ಟು ಅಚ್ಚು ಹಾಕಿದರು ಅಂದರೆ ಇವತ್ತಿಗೂ ಒಡೆಯದ ಬಾಕ್ಸುಗಳು ಅಗ್ಗಕ್ಕೆ ಸಿಗುತ್ತವೆ. ಮರದ ಹಲಗೆಯ ಹಾಗೆ ಅಂಚು. ಮೇಣದ ಕಾಗದ ಬಿಡಿಸಿದ ಕೂಡಲೇ ಸಿಹಿ ವಾಸನೆ, ಒಳಗೆ ಗುಲಾಬಿ ಬಣ್ಣದ ಗಮ್ ಹಾಳೆ. ಮುಟ್ಟಿದರೆ ಹೆಂಚಿನ ಚೂರಿನ ಹಾಗೆ ಮುರಿಯುತ್ತದೆ. ದಯವಿಟ್ಟು ತಿನ್ನಬೇಡಿ. ನಾನು ತಿಂದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಫ್ರೀಮಾಂಟ್ ಪುಟ್ಟ · ಭಾನುವಾರ, ಸಂಜೆ 5:30

ಸೀನಣ್ಣ ಗಮ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. 1987ರ ವಿಲ್ ಕ್ಲಾರ್ಕ್, ನಂಬರ್ 420, ಮುಖ್ಯ ಸೆಟ್ಟಿನಲ್ಲಿ ಅವರ ಮೊದಲ ಕಾರ್ಡು. ಹಿಂದಿನ ವರ್ಷ ಮೊಟ್ಟಮೊದಲ ಸಲ ಬ್ಯಾಟ್ ಹಿಡಿದು ನಿಂತಾಗಲೇ ನೋಲನ್ ರಯಾನ್ ಬಾಲಿಗೆ ಹೋಂ ರನ್ ಹೊಡೆದವರು. ನನ್ನ ಪ್ರತಿ ಪ್ಯಾಕಿನಲ್ಲಿ ಗಮ್‌ಗೆ ಅಂಟಿಕೊಂಡೇ ಇತ್ತು. ಹಿಂಬದಿಯಲ್ಲಿ ಚೌಕಾಕಾರದ ಕಂದು ಕಲೆ, ಎಣ್ಣೆ ಬಿದ್ದ ಪಂಚಾಂಗದ ಹಾಗೆ. ಅದನ್ನು ತೆಗೆಯಲು ಆಗಲ್ಲ.

ಮುಂಬದಿಯಲ್ಲಿ ಮೇಣದ ಕಲೆಯಾದರೆ ಉಪಾಯ ಇದೆ. ಹಳೆಯ ನೈಲಾನ್ ಸ್ಟಾಕಿಂಗ್ ಬೆರಳಿಗೆ ಸುತ್ತಿ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ನಾನು ರಾತ್ರಿ ಹನ್ನೊಂದಕ್ಕೆ ಕೂತು ಉಜ್ಜುತ್ತಿದ್ದಾಗ ಅಮ್ಮ ನೀರು ಕುಡಿಯಲು ಎದ್ದು ಬಂದರು. ಏನೂ ಕೇಳಲಿಲ್ಲ. ಬೆಳಗ್ಗೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಆಫೀಸಿನಲ್ಲಿ ಎಲ್ಲಾ ಸರಿ ಇದೆಯಾ ಇವನಿಗೆ?" ಅಂತ ಕೇಳಿದರಂತೆ.

ಅಪ್ಪನ ಕಥೆ ಇನ್ನೂ ಚೆಂದ. 1971ರ ಕಾರ್ಡುಗಳಿಗೆ ಕಪ್ಪು ಅಂಚು. ಚೂರು ತಾಗಿದರೂ ಬಣ್ಣ ಉದುರಿ ಬಿಳಿ ಕಾಣುತ್ತದೆ. ಚೊಕ್ಕವಾಗಿ ಸಿಗುವುದೇ ಕಷ್ಟವಾದ ಸೆಟ್ ಅದು. ಇವತ್ತು ಬೆಳಗ್ಗೆ ನೋಡ್ತೀನಿ, ಅಪ್ಪ ಮೊಮ್ಮಗನ ಸ್ಕೆಚ್ ಪೆನ್ ಹಿಡಿದು ಅಂಚಿಗೆ ಕಪ್ಪು ಬಳಿಯಲು ಹೊರಟಿದ್ದಾರೆ! "ಎಷ್ಟು ನೀಟಾಗಿ ಕಾಣುತ್ತೆ ನೋಡು" ಅಂತಾರೆ. ಕಾರ್ಡಿಗೆ ಬಣ್ಣ ಬಳಿದರೆ ಅದು ಮೋಸದ ಲೆಕ್ಕ, ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ನವರು ಮುಟ್ಟುವುದೂ ಇಲ್ಲ ಅಂದೆ. ಪೆನ್ನಿಗೆ ಮುಚ್ಚಳ ಹಾಕಿದರು. "ಹಾಗಾದರೆ ಲೆಡ್ಜರ್ ತಿದ್ದಿದ ಹಾಗೆ ಅನ್ನು" ಅಂದರು. ಸರಿಯಾಗಿ ಅರ್ಥವಾಗಿದೆ.

ಕುಡ್ಲದ ಮಳೆ · ಸೋಮವಾರ, ಬೆಳಗ್ಗೆ 6:10

ನಾನು ಹನ್ನೆರಡು ವರ್ಷ ಬಾಸ್ಟನ್ನಿನಲ್ಲಿದ್ದು ಈಗ ಮಂಗಳೂರಿಗೆ ವಾಪಸ್ ಬಂದವ. ರೆಡ್ ಸಾಕ್ಸ್ ಕಾರ್ಡುಗಳು ಎರಡು ಸೂಟ್‌ಕೇಸ್ ತುಂಬಾ ನನ್ನೊಟ್ಟಿಗೆ ಬಂದವು. ಊರಿಗೆ ತರುವ ಯೋಚನೆ ಇರುವವರು ಇದನ್ನು ಓದಿ ಮಾರಾಯ್ರೆ.

ನಮ್ಮ ಮಳೆಗಾಲದಲ್ಲಿ ಹಪ್ಪಳವೇ ಉಳಿಯುವುದಿಲ್ಲ, ಕಾರ್ಡು ಉಳಿಯುತ್ತದಾ? ಮೊದಲ ಜೂನ್‌ನಲ್ಲೇ ಕ್ರೋಮ್ ಕಾರ್ಡುಗಳೆಲ್ಲ ದೋಣಿಯ ಹಾಗೆ ಬಾಗಿದವು. ಅದರ ಒಂದು ಬದಿ ಹೊಳೆಯುವ ಪದರ, ಇನ್ನೊಂದು ಬದಿ ಕಾಗದ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಪದರ ಹಿಗ್ಗುವುದಿಲ್ಲ. ಬಾಗದೆ ಇನ್ನೇನು ಮಾಡೀತು. ಹಳೆಯ ದಪ್ಪ ರಟ್ಟಿನ ಕಾರ್ಡುಗಳೇ ವಾಸಿ, ಅವಕ್ಕೆ ಇಷ್ಟು ನಖರಾ ಇಲ್ಲ.

ಈಗ ನಾನು ಮಾಡುವುದು ಇಷ್ಟು. ಪ್ರತಿ ಕಾರ್ಡಿಗೆ ತೆಳ್ಳನೆಯ ಪ್ಲಾಸ್ಟಿಕ್ ಸ್ಲೀವ್, ಒಳ್ಳೆಯದಕ್ಕೆ ಅದರ ಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚ. ಎಲ್ಲವೂ ಅಡುಗೆಮನೆಯ ಗಾಳಿಯಾಡದ ಡಬ್ಬಿಯೊಳಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಬೇಕು. ಡಬ್ಬಿ ಗೋಡೆಗೆ ತಾಗಿರಬಾರದು, ನೆಲದ ಮೇಲಂತೂ ಬೇಡವೇ ಬೇಡ. ಗೆದ್ದಲು ಬರುವುದು ಗೋಡೆಯಿಂದಲೇ. ಬೆಳ್ಳಿಮೀನು ಹುಳಕ್ಕೆ ಹಳೆಯ ಅಂಟು, ಕಾಗದ ಅಂದರೆ ಹಬ್ಬದೂಟ.

ಪುಟ್ಟಣ್ಣನಿಗೆ ಒಂದು ಮಾತು. ಎಂಬತ್ತರ ದಶಕದ ಹಳೆಯ ಬೈಂಡರ್ ಪುಟಗಳಿದ್ದರೆ ಇವತ್ತೇ ಎಸೆಯಿರಿ. ಪಿವಿಸಿ ಪ್ಲಾಸ್ಟಿಕ್ ಅದು. ವರ್ಷ ಕಳೆದಂತೆ ಎಣ್ಣೆ ಎಣ್ಣೆಯಾಗಿ ಕಾರ್ಡಿನ ಬಣ್ಣಕ್ಕೇ ಅಂಟುತ್ತದೆ. ಪಿವಿಸಿ ಇಲ್ಲ ಅಂತ ಬರೆದಿರುವ ಪುಟವನ್ನೇ ತಗೊಳ್ಳಿ. ಬೈಂಡರಿನ ಉಂಗುರ ಗುಂಡಗಿದ್ದರೆ ಒಳಸಾಲಿನ ಕಾರ್ಡುಗಳಿಗೆ ಗಾಯ. ಒಂದು ಬದಿ ನೆಟ್ಟಗಿರುವ ಉಂಗುರದ್ದು ಬೇಕು. ರಬ್ಬರ್ ಬ್ಯಾಂಡ್ ಹಾಕುವವರ ಬಗ್ಗೆ ನಾನೇನೂ ಹೇಳುವುದಿಲ್ಲ, ಬೆಳಗ್ಗೆ ಬೆಳಗ್ಗೆ ಬಾಯಿ ಕೆಡಿಸಿಕೊಳ್ಳುವುದು ಬೇಡ.

ನನ್ನ ಮಗ ಟಾಪ್ಸ್‌ನವರದ್ದೇ ಐಪಿಎಲ್ ಕಾರ್ಡುಗಳನ್ನು, ಅದೇ ಕ್ರಿಕೆಟ್ ಅಟ್ಯಾಕ್ಸ್, ಹಿಂದೆ ಸೇರಿಸುತ್ತಿದ್ದ. ಆರ್‌ಸಿಬಿ ಮಾತ್ರ. ಅಪ್ಪನ ಚಾಳಿ.

ಜರ್ಸಿ ಜಯಕ್ಕ · ಸೋಮವಾರ, ರಾತ್ರಿ 8:00

ಬೆಳ್ಳಿಮೀನು ಓದಿ ಮೈ ಜುಂ ಅಂತು. ನಮ್ಮ ನೆಲಮಾಳಿಗೆ ನೋಡಿ ಬರ್ತೀನಿ.

ಸನ್ನಿವೇಲ್ ಸೀನ · ಸೋಮವಾರ, ರಾತ್ರಿ 9:25

ಓಕ್‌ಲ್ಯಾಂಡಿಗ ಸರ್ 1960ರ ಮೆಕೋವಿ ಅಂದಾಗ ಹೊಟ್ಟೆಯೊಳಗೆ ಚುಳ್ ಅಂತು. ನನ್ನ ಕಥೆ ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗಕ್ಕೆ ಬರಲಿ.

ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಬ್ಬರಿಂದ ಆ ಮೆಕೋವಿ ಕೊಂಡೆ. ಫೋಟೊದಲ್ಲಿ ಚೆನ್ನಾಗಿತ್ತು. ಬೆಲೆ ಸ್ವಲ್ಪ ಕಡಿಮೆ. "ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು" ಅಂತ ಬರೆದಿದ್ದರು. ಈ ತಾತನ ಪೆಟ್ಟಿಗೆ ಅನ್ನುವ ಮಾತು ಕಂಡರೆ ಈಗ ನಾನು ನೂರು ಗಜ ದೂರ. ಕಾರ್ಡು ಬಂತು. ಕೈಗೆ ತೆಗೆದುಕೊಂಡ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೇಳಲು ಬರಲಿಲ್ಲ. ತುಪ್ಪ ಅಂತ ಡಾಲ್ಡಾ ಹಾಕಿದರೆ ನಾಲಿಗೆಗೆ ಗೊತ್ತಾಗುತ್ತಲ್ಲ, ಹಾಗೆ.

ಅದೇ ವರ್ಷದ ಒಂದು ಡಾಲರಿನ ಮಾಮೂಲಿ ಕಾರ್ಡು ಪಕ್ಕದಲ್ಲಿಟ್ಟೆ. ಹಿಂಬದಿಯ ರಟ್ಟಿನ ಬಣ್ಣ ಬೇರೆ. ದಪ್ಪ ಬೇರೆ. ಆಮೇಲೆ ಭೂತಗನ್ನಡಿ ತಂದೆ. ಹಳೆಯ ಅಚ್ಚಿನಲ್ಲಿ ಚಿತ್ರದ ಭಾಗ ಬಣ್ಣದ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಆದರೆ ಕಪ್ಪು ಅಕ್ಷರ ಮಾತ್ರ ಗಟ್ಟಿ, ಅಂಚು ಸ್ಪಷ್ಟ. ನಕಲು ಮಾಡುವವರು ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕುತ್ತಾರೆ, ಹಾಗಾಗಿ ಅಕ್ಷರವೂ ಚುಕ್ಕಿಯಾಗುತ್ತದೆ. ನನ್ನ ಮೆಕೋವಿಯ ಹೆಸರು ರಾಗಿ ಚೆಲ್ಲಿದ ಹಾಗೆ ಕಂಡಿತು.

ದುಡ್ಡು ವಾಪಸ್ ಬಂತು, ಒಂದೂವರೆ ತಿಂಗಳು ಜಗ್ಗಾಡಿದ ಮೇಲೆ. ಅದಕ್ಕೇ ಹೇಳೋದು, ದುಬಾರಿ ಕಾರ್ಡು ಕೊಳ್ಳುವ ಮುಂಚೆ ಅದೇ ವರ್ಷದ ಅಗ್ಗದ ಕಾರ್ಡು ಹತ್ತು ತಂದಿಡಿ. ಬೆರಳಿಗೆ ರೂಢಿಯಾಗಲಿ.

ಹೊಸಬ · ಸೋಮವಾರ, ರಾತ್ರಿ 10:10

ಎಲ್ಲರಿಗೂ ಥ್ಯಾಂಕ್ಸ್. ಬಿಡಿಯಾಗಿ ಒಂದು ರಾಕರ್ ಕಾರ್ಡು ಆರ್ಡರ್ ಮಾಡಿದೆ. ಆದರೆ ಈಗ ಮಗಳು ಟೊರೊಂಟೊ ಬ್ಲೂ ಜೇಸ್‌ನ ಅರ್ಜುನ್ ನಿಮ್ಮಾಲನದ್ದೂ ಬೇಕು ಅಂತಿದ್ದಾಳೆ. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ, 2023ರಲ್ಲಿ, ಮೊದಲ ಸುತ್ತಿನಲ್ಲೇ ಆಯ್ಕೆಯಾದ ಹುಡುಗನಂತೆ. ಒಂದೇ ತಂಡ ಅನ್ನುವ ನಿಯಮ ಎರಡೇ ದಿನಕ್ಕೆ ಮುರಿಯಿತು.

ಹಳೇ ಓಕ್‌ಲ್ಯಾಂಡಿಗ · ಮಂಗಳವಾರ, ಬೆಳಗ್ಗೆ 9:00

ಮುರಿಯಲಿ ಬಿಡಿ ಹೊಸಬರೇ, ಮಗು ಅದು. ನನ್ನ ಬೈಂಡರಿನಲ್ಲೂ ಒಬ್ಬ ಜೈಂಟ್ಸ್ ಆಟಗಾರ ಇದ್ದಾನೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. 1965ರ ಟಾಪ್ಸ್ ನಂಬರ್ 282, ಮಸನೋರಿ ಮುರಕಾಮಿ. ಅಮೆರಿಕದ ಮೇಜರ್ ಲೀಗಿನಲ್ಲಿ ಆಡಿದ ಮೊದಲ ಜಪಾನಿ, 1964ರಲ್ಲಿ. ಇಪ್ಪತ್ತು ವರ್ಷದ ಹುಡುಗ. ಬಂದ ಹೊಸದರಲ್ಲಿ ನಾನು ಅಂಗಡಿಯಲ್ಲಿ ಹೇಳಿದ್ದು ಯಾರಿಗೂ ತಿಳಿಯದೆ ಮೂರು ಮೂರು ಸಲ ಹೇಳಿಸುತ್ತಿದ್ದರು. ಅಂಥ ಒಂದು ದಿನ ಆ ಕಾರ್ಡು ಕಂಡಿತು. ತಗೊಂಡೆ.

ಆದರೂ ಪುಟ್ಟಣ್ಣ, ನೀವು ಮಾತ್ರ ಮೇಸ್‌ನನ್ನು ಇಡಬೇಡಿ. ನನ್ನದು ಬೇರೆ ಕೇಸು.

ಜರ್ಸಿ ಜಯಕ್ಕ · ಮಂಗಳವಾರ, ಬೆಳಗ್ಗೆ 9:20

ಆಹಾ, ಗೆರೆ ಎಳೆದಮೇಲೆ ಅದು ಗೆರೆ ಅಂದವರು ಯಾರಪ್ಪಾ?

ಫ್ರೀಮಾಂಟ್ ಪುಟ್ಟ · ಬುಧವಾರ, ರಾತ್ರಿ 11:05

ತೀರ್ಮಾನವಾಯಿತು. ಮಾಡಿದ್ದು ನಾನಲ್ಲ, ಅಪ್ಪ.

ನಿನ್ನೆ ಊಟ ಆದಮೇಲೆ 1973ರ ಮೇಸ್ ಕಾರ್ಡು ಅವರ ಕೈಗೆ ಕೊಟ್ಟು ಇಡೀ ಕಥೆ ಹೇಳಿದೆ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಮತ್ತೆ ನ್ಯೂಯಾರ್ಕ್. 2024ರ ಜೂನ್‌ನಲ್ಲಿ 93ನೇ ವಯಸ್ಸಿಗೆ ತೀರಿಕೊಂಡರು ಅಂತಲೂ ಹೇಳಿದೆ. ಅಪ್ಪ ಚಿತ್ರದ ಕಡೆ ನೋಡಲೇ ಇಲ್ಲ. ಕಾರ್ಡು ತಿರುಗಿಸಿ, ಕನ್ನಡಕ ಹಣೆಗೆ ಏರಿಸಿ, ಹಿಂಬದಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಅಲ್ಲಿ ವರ್ಷವರ್ಷದ ಲೆಕ್ಕ ಇರುತ್ತದಲ್ಲ. 1951ರಿಂದ ಸಣ್ಣ ಅಕ್ಷರದಲ್ಲಿ ಸಾಲು ಸಾಲು. ಅಪ್ಪನ ಬೆರಳು ಒಂದೊಂದೇ ಸಾಲು ಇಳಿಯಿತು.

"1953ಕ್ಕೆ ಅಂಕಿ ಯಾಕಿಲ್ಲ?" ಅಂದರು.

ಸೈನ್ಯಕ್ಕೆ ಕರೆದಿದ್ದರು, 1952ರಲ್ಲಿ ಬಹುಪಾಲು, 1953 ಪೂರ್ತಿ ಆಡಲಿಲ್ಲ ಅಂದೆ. ತಲೆಯಾಡಿಸಿದರು. ಬೆರಳು ಮತ್ತೆ ಇಳಿಯಿತು. ಕೊನೆಗೆ ಬಂದು ನಿಂತಿತು.

"ಇವನು ಒಟ್ಟು ಎಷ್ಟು ಹೊಡೆದ?"

660 ಹೋಂ ರನ್, ಅದರಲ್ಲಿ ಜೈಂಟ್ಸ್‌ಗೆ 646, ಮೆಟ್ಸ್‌ಗೆ 14 ಅಂದೆ. ಕಾರ್ಡಿನಲ್ಲಿ 1973ರದ್ದು ಇನ್ನೂ ಸೇರಿಲ್ಲ, ಅದನ್ನೂ ವಿವರಿಸಿದೆ.

"ಮತ್ತೆ? ಇಡೀ ಲೆಡ್ಜರ್ ನಿಮ್ಮದೇ. ಫೋಟೊ ಒಂದು ಅವರದ್ದು. ಲೆಡ್ಜರ್ ಕಾಣೋ ಹಾಗೆ ಇಡು."

ಹೊಳೆಯಲೇ ಇಲ್ಲ ನನಗೆ! ಕಿಸೆಯಲ್ಲಿ ಕಾರ್ಡನ್ನು ತಿರುಗಿಸಿ ಹಾಕಿದೆವು. 1973ರ ಪುಟದಲ್ಲಿ ಎಂಟು ಜೈಂಟ್ಸ್ ಮುಖಗಳು, ನಡುವಿನ ಕಿಸೆಯಲ್ಲಿ ಬರೀ ಅಂಕಿಗಳ ಪಟ್ಟಿ. ಪುಟ ಮಗುಚಿದರೆ ಎಂಟು ಬೆನ್ನು, ನಡುವೆ ಮೆಟ್ಸ್ ಅಂಗಿಯ ಮೇಸ್. ಓಕ್‌ಲ್ಯಾಂಡಿಗ ಸರ್, ನಿಮ್ಮ ಗೆರೆಯೂ ಉಳಿಯಿತು. ಜಯಕ್ಕ, ನಿಮ್ಮ ಮೇಸ್ ಕೂಡ ಒಳಗಿದ್ದಾರೆ.

ಜರ್ಸಿ ಜಯಕ್ಕ · ಬುಧವಾರ, ರಾತ್ರಿ 11:20

ಅಪ್ಪಾಜಿಗೆ ನಮಸ್ಕಾರ ಹೇಳಿ. ಫೋಟೊ ಹಾಕಿ. ಎರಡೂ ಕಡೆ. ನಮ್ಮ ಕಡೆಯದ್ದು ಮೊದಲು.

ಕುಡ್ಲದ ಮಳೆ · ಗುರುವಾರ, ಬೆಳಗ್ಗೆ 5:55

ಪಿವಿಸಿ ಪುಟ ಬದಲಾಯಿಸಿದಿರಾ, ಅದು ಹೇಳಿ ಮೊದಲು.

ಫ್ರೀಮಾಂಟ್ ಪುಟ್ಟ · ಶನಿವಾರ, ಸಂಜೆ 6:15

ಬದಲಾಯಿಸಿದೆ ಮಾರಾಯ್ರೆ, 60 ಪುಟ. ಅಪ್ಪನೇ ಎಣಿಸಿ ತಂದರು.

ಇವತ್ತು ಸ್ಯಾನ್ ಲಿಯಾಂಡ್ರೊಗೆ ಹೋಗಿದ್ದೆವು. ಓಕ್‌ಲ್ಯಾಂಡಿಗ ಸರ್ ಮನೆಯಲ್ಲಿ ಚಿತ್ರಾನ್ನ, ಕಾಫಿ ಎಲ್ಲಾ ಆಯಿತು. ಮುರಕಾಮಿಯ ದರ್ಶನವೂ ಆಯಿತು. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ ಮೆಕೋವಿ ಕಾರ್ಡು ಹಿಡಿದು ಕೂತಿದ್ದರು. ತುಂಬಾ ಹೊತ್ತು ಸುಮ್ಮನಿದ್ದು, ಹೇವರ್ಡ್ ದಾಟಿದಮೇಲೆ ಕೇಳಿದರು: "ಇದರಲ್ಲಿ ವಾಷಿಂಗ್ಟನ್ ಅಂತಿದೆಯಲ್ಲೋ, ಆ ತಂಡದ ಬೈಂಡರ್ ಎಲ್ಲಿ?"